ಮುಸುಕು ಹಾಕಿದ ಪಿಎಸ್‌ಐ: ಕಾಮಿಕ್ಸ್‌ನಲ್ಲಿ ಸಲೀಸು, ಕಾನೂನಿನಲ್ಲಿ ಗೋಜಲು

ಹಗಲು ಖಾಕಿ, ರಾತ್ರಿ ಮುಸುಕು. ಕ್ರೈಮ್ ಕಾಮಿಕ್ಸ್ ಬರೆಯೋಣ ಅಂತ ಕೂತವರಿಗೆ ಬೇಗ ಹೊಳೆಯುವ ಕಥೆ ಇದು. ಸಾಕ್ಷಿಗಳನ್ನು ಹೆದರಿಸಿ ಖುಲಾಸೆಯಾದ ರೌಡಿಶೀಟರ್, ಮೀಟರ್ ಬಡ್ಡಿ ದಂಧೆಯವನು, ಮೇಲಿನವರ ಕೈ ಇರುವ ಮರಳು ಕಳ್ಳ, ಇವರನ್ನೆಲ್ಲ ಒಬ್ಬ ಪಿಎಸ್‌ಐ ಕತ್ತಲಲ್ಲಿ ಹಿಡಿದು ಬಡಿಯುತ್ತಾನೆ. ಬೆಳಗ್ಗೆ ಅದೇ ಕೇಸಿನ ತನಿಖೆಗೆ ಅವನೇ ಬರುತ್ತಾನೆ. ಓದುಗರಿಗೆ ಗುಟ್ಟು ಗೊತ್ತು. ಠಾಣೆಯವರಿಗೆ ಗೊತ್ತಿಲ್ಲ. ನಲವತ್ತು ಪುಟ ಓಡಿಸಲು ಇಷ್ಟು ಧಾರಾಳವಾಗಿ ಸಾಕು.

ಈ ಕಥೆ ಮೈಸೂರಿನಲ್ಲಿ ನಡೆಯುತ್ತದೆ ಅಂತಿಟ್ಟುಕೊಳ್ಳೋಣ. ದೇವರಾಜ ಮಾರುಕಟ್ಟೆ ಸುತ್ತಮುತ್ತಲಿನ ಗಲ್ಲಿಗಳು, ಭಾನುವಾರ ಸಂಜೆ ದೀಪ ಹತ್ತಿಸಿಕೊಂಡು ನಿಲ್ಲುವ ಅರಮನೆ, ಅದರ ಬೆಳಕು ತಾಕದ ಹಿಂದಿನ ಬೀದಿಗಳು. ಚಿತ್ರ ಬರೆಯುವವರಿಗೆ ಹಬ್ಬ. ಆರ್.ಕೆ. ಲಕ್ಷ್ಮಣ್ ಹುಟ್ಟಿ ಬೆಳೆದ ಊರು, 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ಕಲಾಶಾಲೆ ಇರುವ ಊರು. ಪಿಎಸ್‌ಐಗಳಿಗೆ ತರಬೇತಿ ಕೊಡುವ ಕರ್ನಾಟಕ ಪೊಲೀಸ್ ಅಕಾಡೆಮಿಯೂ ಇಲ್ಲೇ ಇದೆ. ನಮ್ಮ ಕಲ್ಪನೆಯ ನಾಯಕ ಕಾನೂನು ಕಲಿತದ್ದೂ ಅಲ್ಲೇ.

ಆದರೆ ಈ ನಾಯಕನಲ್ಲಿ ಒಂದು ವಿಚಿತ್ರ ಇದೆ. ಸಾಮಾನ್ಯ ಮನುಷ್ಯ ಮುಸುಕು ಹಾಕಿದರೆ ತನಗಿಲ್ಲದ ಅಧಿಕಾರವನ್ನು ತಾನೇ ತಗೊಳ್ಳುತ್ತಾನೆ. ಪೊಲೀಸ್ ಅಧಿಕಾರಿ ಮುಸುಕು ಹಾಕಿದರೆ ಕೈಯಲ್ಲಿದ್ದ ಅಧಿಕಾರವನ್ನೂ ಕಳೆದುಕೊಳ್ಳುತ್ತಾನೆ. ಹಿಡಿಯುವ, ಶೋಧಿಸುವ, ಪ್ರಶ್ನೆ ಕೇಳುವ ಅಧಿಕಾರ ಅವನಿಗೆ ಹಗಲಲ್ಲೇ ಇತ್ತಲ್ಲ? ಮತ್ತೆ ಮುಸುಕು ಯಾಕೆ ಬೇಕಾಯಿತು? ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಕಥೆಯೂ ಗಟ್ಟಿಯಾಗುತ್ತದೆ.

ಎದೆ ಮೇಲಿನ ಹೆಸರು

ಯೂನಿಫಾರ್ಮಿನಲ್ಲಿ ಜನ ಮೊದಲು ನೋಡುವುದು ಟೋಪಿ, ಭುಜದ ಮೇಲಿನ ನಕ್ಷತ್ರ, ಸೊಂಟದ ಪಿಸ್ತೂಲು. ಕಾನೂನು ನೋಡುವುದು ಎದೆಯ ಮೇಲಿನ ನೇಮ್ ಪ್ಲೇಟು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಲಾಕಪ್ ಸಾವುಗಳ ಬಗ್ಗೆ ಬಂದ ಒಂದು ಪತ್ರದಿಂದ ಶುರುವಾದ ಕೇಸು ಅದು. ಬಂಧಿಸುವಾಗ ಏನೇನು ಮಾಡಲೇಬೇಕು ಅಂತ ಕೋರ್ಟ್ 11 ಸೂಚನೆ ಕೊಟ್ಟಿತು. ಮೊದಲನೆಯದೇ ಇದು: ಬಂಧಿಸುವ, ವಿಚಾರಣೆ ಮಾಡುವ ಪೊಲೀಸರು ತಮ್ಮ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವ ಹಾಗೆ ಗುರುತು ಹಾಕಿರಬೇಕು.

ಆಮೇಲೆ ಇದು ದಂಡ ಪ್ರಕ್ರಿಯಾ ಸಂಹಿತೆಗೆ 41ಬಿ ಕಲಮಾಗಿ ಸೇರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಮಾತು 36ನೇ ಕಲಮಿನಲ್ಲಿದೆ. ಹೆಸರು ಕಾಣಬೇಕು. ಅರೆಸ್ಟ್ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಅಥವಾ ಆ ಬಡಾವಣೆಯ ಒಬ್ಬ ಗೌರವಸ್ಥರು ಸಾಕ್ಷಿ ಹಾಕಬೇಕು. ಬಂಧಿತನ ಸಹಿಯೂ ಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು ಅನ್ನುವುದಂತೂ ಸಂವಿಧಾನದ 22ನೇ ವಿಧಿಯಲ್ಲೇ ಇದೆ.

ಇದರ ಹಿಂದಿನ ಲೆಕ್ಕ ಸರಳ. ಒಬ್ಬ ಮನುಷ್ಯನಿಗೆ ಇನ್ನೊಬ್ಬನನ್ನು ಹಿಡಿದು ಕೂಡಿಹಾಕುವ ಅಧಿಕಾರ ಕೊಟ್ಟ ಮೇಲೆ, ನಾಳೆ "ಯಾರು ಹಿಡಿದದ್ದು?" ಅಂತ ಕೇಳಿದರೆ ಉತ್ತರ ಇರಬೇಕು. ಅಧಿಕಾರವನ್ನೂ ಹೆಸರನ್ನೂ ಒಂದೇ ದಾರದಲ್ಲಿ ಕಟ್ಟಿದ್ದಾರೆ. ನಮ್ಮ ಪಿಎಸ್‌ಐ ಮುಸುಕು ಹಾಕಿದಾಗ ಕತ್ತರಿಸುವುದು ಆ ದಾರವನ್ನು. ನಾನು ಈ ಕಾಮಿಕ್ಸ್ ಬರೆದರೆ ಮೊದಲ ಪುಟದಲ್ಲಿ ಅವನು ಮುಖ ಮುಚ್ಚಿಕೊಳ್ಳುವುದನ್ನು ತೋರಿಸುವುದಿಲ್ಲ. ನೇಮ್ ಪ್ಲೇಟ್ ಬಿಚ್ಚಿ ಮೇಜಿನ ಡ್ರಾಯರ್‌ಗೆ ಹಾಕುವುದನ್ನು ತೋರಿಸುತ್ತೇನೆ.

ಹೆಸರು ಮುಚ್ಚಿಡುವುದಕ್ಕೆ ನೇರ ಬೆಲೆಯೂ ಇದೆ. ಯಾರನ್ನಾದರೂ ಬೆದರಿಸುವುದು ಅಪರಾಧ. ಬೆದರಿಸುವವನು ತನ್ನ ಹೆಸರು, ವಿಳಾಸ ಗೊತ್ತಾಗದ ಹಾಗೆ ಮುನ್ನೆಚ್ಚರಿಕೆ ತಗೊಂಡಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ಪ್ರಕಾರ ಇನ್ನೂ 2 ವರ್ಷದವರೆಗೆ ಶಿಕ್ಷೆ ಸೇರಬಹುದು. ಕಾಮಿಕ್ಸ್‌ನಲ್ಲಿ ನಾಯಕನ ಠೀವಿ ಹೆಚ್ಚಿಸುವ ಮುಸುಕು ಇಲ್ಲಿ ಅವನ ಶಿಕ್ಷೆ ಹೆಚ್ಚಿಸುತ್ತದೆ!

ಮುಸುಕು ಬಂದ ದಾರಿ

ಅಮೆರಿಕದಲ್ಲಿ 1936ರಲ್ಲಿ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಪತ್ರಿಕೆಗಳಲ್ಲಿ ಕಾಣಿಸಿಕೊಂಡ. ಮೈಗಂಟಿದ ಉಡುಪು, ಕಣ್ಣುಪಟ್ಟಿ, ಕಣ್ಣಿನ ಜಾಗದಲ್ಲಿ ಬರೀ ಬಿಳಿ. ಆ ಬಿಳಿ ಕಣ್ಣು ಒಳ್ಳೆಯ ಉಪಾಯ. ಕಣ್ಣುಗುಡ್ಡೆ ಇಲ್ಲದ ಮುಖದಲ್ಲಿ ಭಯ, ಅನುಮಾನ ಏನೂ ಓದಲು ಆಗುವುದಿಲ್ಲ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಮೂಲಕ ಅವನು ಕನ್ನಡದಲ್ಲೂ ಮಾತಾಡಿದ. ನಮ್ಮಲ್ಲಿ ಒಂದು ತಲೆಮಾರು ಅವನನ್ನು ಬಾಡಿಗೆ ಪುಸ್ತಕದಂಗಡಿಗಳಲ್ಲಿ ಓದಿ ಬೆಳೆದಿದೆ. ಫ್ಯಾಂಟಮ್ ಕಾಡಿನವನು. ಠಾಣೆ, ಕೋರ್ಟು ಇಲ್ಲದ ಕಡೆ ಅವನೇ ನ್ಯಾಯ. ಅವನ ಮುಸುಕಿಗೆ ಯಾರೂ ತಕರಾರು ಮಾಡಲಿಲ್ಲ.

ಊರಿನೊಳಗೆ ನಡೆಯುವ ಕ್ರೈಮ್ ಕಾಮಿಕ್ಸ್‌ನ ಕಥೆ ಬೇರೆ. 1940ರ ದಶಕದಲ್ಲಿ ಅಮೆರಿಕದಲ್ಲಿ ರಕ್ತ ಚೆಲ್ಲುವ ಕ್ರೈಮ್ ಕಾಮಿಕ್ಸ್ ಲಕ್ಷಗಟ್ಟಲೆ ಮಾರಾಟವಾದವು. ಮಕ್ಕಳು ಕೆಡುತ್ತಿದ್ದಾರೆ ಅಂತ ಗಲಾಟೆ ಎದ್ದು 1954ರಲ್ಲಿ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಸರ್ಕಾರ ಕೈ ಹಾಕುವ ಮುಂಚೆ ಪ್ರಕಾಶಕರೇ ಸೇರಿ ತಮಗೊಂದು ನಿಯಮಾವಳಿ ಮಾಡಿಕೊಂಡರು. ಅದರಲ್ಲಿ ಒಂದು ನಿಯಮ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ: ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಹುಟ್ಟುವ ಹಾಗೆ ಚಿತ್ರಿಸಬಾರದು. ಕೊನೆಯಲ್ಲಿ ಕೆಟ್ಟವನಿಗೆ ಶಿಕ್ಷೆ ಆಗಲೇಬೇಕು. ಅಂದರೆ ಕಾನೂನು ಮುರಿಯುವ ಪೊಲೀಸನನ್ನು ಬರೆಯುವ ಹಾಗೇ ಇರಲಿಲ್ಲ. 1971ರಲ್ಲಿ ನಿಯಮ ಸಡಿಲವಾಯಿತು. ಅಧಿಕಾರಿ ಭ್ರಷ್ಟ ಅಂತ ತೋರಿಸಬಹುದು, ಆದರೆ ಅದು ಎಲ್ಲೋ ಅಪರೂಪಕ್ಕೆ ಒಂದು ಅಂತ ಇರಬೇಕು, ಅವನಿಗೆ ಶಿಕ್ಷೆಯೂ ಆಗಬೇಕು.

ಸಡಿಲವಾದ ಮೂರೇ ವರ್ಷಕ್ಕೆ, 1974ರಲ್ಲಿ, ಪನಿಶರ್ ಬಂದ. ಎದೆಯ ಮೇಲೆ ತಲೆಬುರುಡೆ, ಕೈಯಲ್ಲಿ ಬಂದೂಕು, ಸಿಕ್ಕವರಿಗೆ ಅಲ್ಲೇ ತೀರ್ಪು. 1977ರಲ್ಲಿ ಬ್ರಿಟನ್ನಿನಲ್ಲಿ ಜಡ್ಜ್ ಡ್ರೆಡ್ ಬಂದ. ಅವನು ಪೊಲೀಸನೂ ಹೌದು, ನ್ಯಾಯಾಧೀಶನೂ ಹೌದು, ಶಿಕ್ಷೆ ಕೊಡುವವನೂ ಹೌದು. ಹೆಲ್ಮೆಟ್ ತೆಗೆದು ಮುಖ ತೋರಿಸುವುದೇ ಇಲ್ಲ. ಇಬ್ಬರನ್ನೂ ಒಂದೇ ಕಪಾಟಿನಲ್ಲಿ ಇಡುವವರು ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. ಡ್ರೆಡ್ ಒಂದು ಲೇವಡಿ. ಅವನ ಕಾಲದ ಕಾನೂನೇ ಹಾಗಿದೆ. ಪೊಲೀಸನ ಕೈಗೆ ಎಲ್ಲ ಅಧಿಕಾರ ಕೊಟ್ಟರೆ ರಾಜ್ಯ ಹೇಗಿರುತ್ತದೆ ನೋಡಿ ಅಂತ ಬರೆದವರು ನಕ್ಕಿದ್ದಾರೆ. ಪನಿಶರ್ ಕಾನೂನಿನ ಹೊರಗೆ ನಿಂತವನು, ಅದು ಅವನಿಗೂ ಗೊತ್ತು.

ತಮಾಷೆ ಅಂದರೆ, ಆ ತಲೆಬುರುಡೆ ಗುರುತನ್ನು ಅಮೆರಿಕದ ನಿಜವಾದ ಪೊಲೀಸರೇ ಕೆಲವರು ಗಾಡಿಗೆ, ಬಟ್ಟೆಗೆ ಅಂಟಿಸಿಕೊಳ್ಳಲು ಶುರು ಮಾಡಿದರು. ಆ ಪಾತ್ರ ಸೃಷ್ಟಿಸಿದವರಲ್ಲಿ ಒಬ್ಬರಾದ ಜೆರ್ರಿ ಕಾನ್ವೇ ಬಹಿರಂಗವಾಗಿಯೇ ಬೇಸರ ಹೇಳಿದರು. 2019ರ ಒಂದು ಸಂಚಿಕೆಯಲ್ಲಿ ಪನಿಶರನೇ ಪೊಲೀಸರ ಗಾಡಿಯ ಮೇಲಿನ ಸ್ಟಿಕ್ಕರ್ ಕಿತ್ತು ಹರಿಯುತ್ತಾನೆ. ನೀವು ಕಾನೂನು ಕಾಯುತ್ತೇವೆ ಅಂತ ಪ್ರಮಾಣ ಮಾಡಿದವರು, ನನ್ನ ದಾರಿ ನಿಮ್ಮದಲ್ಲ ಅಂತ ಗದರುತ್ತಾನೆ. ಮುಸುಕಿನ ಪೊಲೀಸ್ ಯಾಕೆ ಮುಳ್ಳಿನ ವಿಷಯ ಅನ್ನುವುದನ್ನು ಒಬ್ಬ ಕಾಮಿಕ್ಸ್ ಕೊಲೆಗಾರನೇ ಹೇಳಿಬಿಟ್ಟ.

ಮಹಡಿಯಿಂದ ತಲೆಕೆಳಗು ಹಿಡಿದರೆ

ಈ ಜಾತಿಯ ಕಥೆಗಳಲ್ಲಿ ತಪ್ಪದೆ ಬರುವ ದೃಶ್ಯ ಒಂದಿದೆ. ನಾಯಕ ಒಬ್ಬ ಚಿಲ್ಲರೆ ರೌಡಿಯನ್ನು ಮಹಡಿಯಿಂದ ಕಾಲು ಹಿಡಿದು ನೇತು ಹಾಕುತ್ತಾನೆ. "ಹೇಳು, ಯಾರು ಮಾಡಿಸಿದ್ದು?" ಅವನು ಬಾಯಿ ಬಿಡುತ್ತಾನೆ. ಮುಂದಿನ ಪುಟದಲ್ಲಿ ದೊಡ್ಡ ಕುಳ ಸಿಕ್ಕಿಬೀಳುತ್ತಾನೆ.

ನಮ್ಮ ಕಾನೂನಿನಲ್ಲಿ ಈ ದೃಶ್ಯ ಕಾಲು ಮುರಿದುಕೊಂಡು ಬೀಳುತ್ತದೆ. ಭಾರತದಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವ ಹಾಗಿಲ್ಲ. ಇದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು. ಹೊಡೆದು ಹೇಳಿಸಿದರೆ ಮಾತ್ರ ಅಂತಲ್ಲ. ಕಾಫಿ ಕೊಟ್ಟು ಕೂರಿಸಿ ಕೇಳಿದರೂ ಅಷ್ಟೇ. ಬ್ರಿಟಿಷರೇ ಈ ನಿಯಮ ತಂದರು ಅನ್ನುವುದು ಗಮನಿಸಬೇಕಾದ ಮಾತು. 1855ರಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆ ಆಯೋಗ ಕೊಟ್ಟ ವರದಿಯಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಜನರನ್ನು ಹೇಗೆ ಹಿಂಸಿಸುತ್ತಿದ್ದರು ಅನ್ನುವುದೆಲ್ಲ ದಾಖಲಾಗಿದೆ. ಆಳುವವರಿಗೇ ತಮ್ಮ ಪೊಲೀಸರ ಮೇಲೆ ನಂಬಿಕೆ ಇರಲಿಲ್ಲ. ತಪ್ಪೊಪ್ಪಿಗೆ ಲೆಕ್ಕಕ್ಕೆ ಬರಬೇಕಾದರೆ ಮ್ಯಾಜಿಸ್ಟ್ರೇಟ್ ಮುಂದೆ ಸ್ವಂತ ಇಚ್ಛೆಯಿಂದ ಹೇಳಬೇಕು.

ಒಂದು ಸಂದು ಇದೆ. ಕಸ್ಟಡಿಯಲ್ಲಿರುವ ಆರೋಪಿ "ಚಾಕು ಕಾವೇರಿ ದಂಡೆಯ ಆ ಮರದ ಕೆಳಗೆ ಹೂತಿದ್ದೇನೆ" ಅಂತ ಹೇಳಿ, ಅಲ್ಲಿ ಚಾಕು ಸಿಕ್ಕರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. "ಅದರಲ್ಲೇ ಕೊಂದೆ" ಅನ್ನುವ ಭಾಗ ಬಿದ್ದುಹೋಗುತ್ತದೆ. ಪೊಲೀಸರು ಪಂಚರನ್ನು, ಅಂದರೆ ಹೊರಗಿನ ಸಾಕ್ಷಿಗಳನ್ನು, ಕರೆದುಕೊಂಡು ಹೋಗಿ ಮಹಜರು ಮಾಡುವುದು ಇದಕ್ಕೇ. ಆರೋಪಿ ಕಾನೂನಿನ ಕಸ್ಟಡಿಯಲ್ಲಿ ಇರಬೇಕು ಅನ್ನುವುದು ಈ ಸಂದಿನ ಷರತ್ತು. ಮಹಡಿಯಿಂದ ನೇತಾಡುತ್ತಿರುವವನು ಯಾರ ಕಸ್ಟಡಿಯಲ್ಲಿದ್ದಾನೆ? ಹಿಡಿದಿರುವವನು ಪೊಲೀಸ್ ಅಂತ ಅವನಿಗೇ ಗೊತ್ತಿಲ್ಲ. ಗೊತ್ತಿಲ್ಲದೆ ಪೊಲೀಸನ ಮುಂದೆ ಹೇಳಿದ ಮಾತು ಪೊಲೀಸನ ಮುಂದೆ ಹೇಳಿದ ಮಾತೇ? ವಕೀಲರು ದಿನಗಟ್ಟಲೆ ವಾದ ಮಾಡುತ್ತಾರೆ. ಅಲ್ಲಿ ಒಂದು ಸೊಗಸಾದ ಕೋರ್ಟ್ ಸಂಚಿಕೆ ಕಾದು ಕೂತಿದೆ. ಬರೆಯುವವರು ಬೇಕಷ್ಟೇ. ಈ ನಡುವೆ, ತಪ್ಪೊಪ್ಪಿಸಲು ಗಾಯ ಮಾಡಿದ್ದಕ್ಕೆ ನಮ್ಮ ಪಿಎಸ್‌ಐ ಮೇಲೇ 7 ವರ್ಷದವರೆಗಿನ ಶಿಕ್ಷೆಯ ಕೇಸು ಬೀಳುತ್ತದೆ. ತೀವ್ರ ಗಾಯವಾದರೆ 10 ವರ್ಷ.

ನಮ್ಮ ಬರಹಗಾರರು ಜಾರಿಬೀಳುವ ಇನ್ನೊಂದು ಜಾಗ ಇದೆ. ಅಮೆರಿಕದ ಕಥೆಗಳಲ್ಲಿ ಪೊಲೀಸ್ ಕೈಕೋಳ ಹಾಕುತ್ತಾ "ನೀನು ಹೇಳಿದ್ದನ್ನೆಲ್ಲ ನಿನ್ನ ವಿರುದ್ಧ ಬಳಸಬಹುದು" ಅನ್ನುತ್ತಾನೆ. ಅದು 1966ರ ಮಿರಾಂಡಾ ತೀರ್ಪಿನ ಫಲ. ಅಲ್ಲಿ ಪೊಲೀಸರಿಗೆ ಹೇಳಿದ ಮಾತು ನಿಜವಾಗಿಯೂ ಸಾಕ್ಷ್ಯವಾಗುತ್ತದೆ, ಆದ್ದರಿಂದ ಆ ಎಚ್ಚರಿಕೆ. ಅದೇ ಡೈಲಾಗನ್ನು ಲಷ್ಕರ್ ಮೊಹಲ್ಲಾದಲ್ಲಿ ನಿಂತ ನಮ್ಮ ಪಿಎಸ್‌ಐ ಬಾಯಲ್ಲಿ ಹಾಕಿದರೆ ಸುಮ್ನೆ ನಗೆಪಾಟಲು. ಇಲ್ಲಿ ಆ ಮಾತು ಬಳಸಲಿಕ್ಕೇ ಬರುವುದಿಲ್ಲ.

ಇದರ ತಲೆಕೆಳಗು ಇನ್ನೊಂದಿದೆ. ಅಮೆರಿಕದಲ್ಲಿ ವಾರಂಟ್ ಇಲ್ಲದೆ ನುಗ್ಗಿ ತಂದ ವಸ್ತುವನ್ನು ಕೋರ್ಟ್ ಸಾಮಾನ್ಯವಾಗಿ ಹೊರಗೆಸೆಯುತ್ತದೆ. 1961ರಿಂದ ಆ ನಿಯಮ ಎಲ್ಲ ರಾಜ್ಯಗಳಿಗೂ ಅನ್ವಯ. "ತಾಂತ್ರಿಕ ಕಾರಣಕ್ಕೆ ಕೊಲೆಗಾರ ಹೊರಗೆ ಬಂದ" ಅನ್ನುವ ಸಿಟ್ಟಿನ ಕಥೆಗಳೆಲ್ಲ ಹುಟ್ಟಿದ್ದು ಅಲ್ಲಿಂದ. ನಮ್ಮಲ್ಲಿ ಹಾಗಿಲ್ಲ. 1973ರ ಡಿಸೆಂಬರ್‌ನಲ್ಲಿ ತೀರ್ಪು ಬಂದ ಪೂರಣ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಶೋಧನೆ ಅಕ್ರಮ ಅನ್ನುವ ಒಂದೇ ಕಾರಣಕ್ಕೆ ಸಿಕ್ಕ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ವಿಷಯಕ್ಕೆ ಸಂಬಂಧ ಇದ್ದರೆ ಕೋರ್ಟ್ ನೋಡಬಹುದು. ನೋಡಿ, ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಮಾತು ನಡೆಯುತ್ತದೆ, ಅಕ್ರಮವಾಗಿ ತಂದ ವಸ್ತು ನಡೆಯುವುದಿಲ್ಲ. ಇಲ್ಲಿ ವಸ್ತು ನಡೆಯಬಹುದು, ಪೊಲೀಸರಿಗೆ ಹೇಳಿದ ಮಾತು ನಡೆಯುವುದಿಲ್ಲ. ಅಮೆರಿಕದ ಪೊಲೀಸ್ ಮುಸುಕು ಹಾಕಲು ಕೊಡುವ ಕಾರಣ ನಮ್ಮ ಪಿಎಸ್‌ಐಗೆ ಹೊಂದುವುದೇ ಇಲ್ಲ. ಅವನ ಸಿಟ್ಟಿಗೆ ಬೇರೆ ಕಾರಣ ಹುಡುಕಬೇಕು.

ಔಷಧಿ ಚುಚ್ಚಿ ನಿಜ ಹೇಳಿಸುವ ದೃಶ್ಯ ಬರೆಯಬೇಕು ಅಂತ ಇರುವವರಿಗೆ ಒಂದು ಮಾತು. ಮಂಪರು ಪರೀಕ್ಷೆಯನ್ನು ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ ಕೇಸು ನಮ್ಮ ರಾಜ್ಯದ್ದೇ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

ಹೆಂಚಿನ ಮನೆ ಮೇಲೆ ಓಡಬೇಡಿ

ಊರನ್ನು ಸರಿಯಾಗಿ ಬಳಸದಿದ್ದರೆ ಕಥೆ ನ್ಯೂಯಾರ್ಕಿನದೇ ಆಗುತ್ತದೆ. ಮೈಸೂರಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹಾರಲು ಗಗನಚುಂಬಿಗಳಿಲ್ಲ. ಅಗ್ರಹಾರದ ಕಡೆ ಹಳೇ ಹೆಂಚಿನ ಮನೆ ಮೇಲೆ ಓಡಿದರೆ ಹೆಂಚು ಒಡೆದು, ಕೆಳಗೆ ಮಲಗಿದ್ದ ಅಜ್ಜಿ ಎದ್ದು ಇಡೀ ಬೀದಿ ಎಬ್ಬಿಸುತ್ತಾರೆ. ತಾರಸಿ ಮೇಲೆ ಹೋದರೆ ಸಿಂಟೆಕ್ಸ್ ಟ್ಯಾಂಕು, ಬಟ್ಟೆ ತಂತಿ, ಸೋಲಾರ್ ಹೀಟರ್. ಮಂಡ್ಯದ ಕಡೆ ಕಬ್ಬಿನ ಗದ್ದೆಗೆ ನುಗ್ಗಿದರೆ ಬಚ್ಚಿಟ್ಟುಕೊಳ್ಳಬಹುದು, ಆದರೆ ಕಬ್ಬಿನ ಗರಿ ಮೈಯೆಲ್ಲ ಕುಯ್ಯುತ್ತದೆ. ನೀರು ಕಟ್ಟಲು ರಾತ್ರಿ ಬಂದ ರೈತ ಬ್ಯಾಟರಿ ಬಿಟ್ಟು "ಯಾವನ್ಲಾ ಅದು, ಮಕ ತೋರ್ಸು" ಅಂದರೆ ಮುಗಿಯಿತು.

ಹುದ್ದೆಗಳನ್ನೂ ನೋಡಿ ಬರೆಯಬೇಕು. ಮೈಸೂರು ನಗರದಲ್ಲಿ ಕಮಿಷನರೇಟ್ ಇದೆ. ಪಿಎಸ್‌ಐ ಮೇಲೆ ಇನ್‌ಸ್ಪೆಕ್ಟರ್, ಎಸಿಪಿ, ಡಿಸಿಪಿ, ಕಮಿಷನರ್. ಮಂಡ್ಯದಲ್ಲಿ ಡಿವೈಎಸ್‌ಪಿ, ಎಸ್‌ಪಿ. "ಮಂಡ್ಯ ಕಮಿಷನರ್" ಅಂತ ಒಂದು ಬಲೂನಿನಲ್ಲಿ ಬರೆದರೆ ಅಲ್ಲಿಗೆ ಓದುಗರ ನಂಬಿಕೆ ಹೋಯಿತು.

ಈಗಿನ ಕಾಲದ ತೊಡಕು ಕ್ಯಾಮೆರಾ. 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕು ಅಂದಿತು. ಗೇಟು, ಲಾಕಪ್, ಕಾರಿಡಾರ್ ಮಾತ್ರ ಅಲ್ಲ, ಸಬ್ ಇನ್‌ಸ್ಪೆಕ್ಟರ್ ಕೋಣೆಯಲ್ಲೂ. ಕತ್ತಲಲ್ಲೂ ಕಾಣಬೇಕು, ಧ್ವನಿಯೂ ದಾಖಲಾಗಬೇಕು. ನೇಮ್ ಪ್ಲೇಟ್ ಡ್ರಾಯರ್‌ಗೆ ಹಾಕುವ ನನ್ನ ಮೊದಲ ಪುಟವೇ ಕ್ಯಾಮೆರಾದಲ್ಲಿ ಸೇರಿರುತ್ತದೆ. ಇನ್ನು ಮೊಬೈಲು. ತನಿಖೆಗೆ ಕೂತವರು ಮೊದಲು ತರಿಸುವುದು ಸಿಡಿಆರ್ (ಫೋನ್ ಕರೆಗಳ ದಾಖಲೆ), ಟವರ್ ಲೊಕೇಷನ್. ಫೋನ್ ಮನೆಯಲ್ಲಿ ಬಿಟ್ಟು ಹೋದರೆ, ಪ್ರತಿ ಸಲ ಅದೇ ರಾತ್ರಿಗಳಲ್ಲಿ ಫೋನ್ ಅಲ್ಲಾಡದೆ ಬಿದ್ದಿತ್ತು ಅನ್ನುವುದೇ ಅನುಮಾನ. ಸರ್ವಿಸ್ ಪಿಸ್ತೂಲಿನ ಪ್ರತಿ ಗುಂಡಿಗೂ ಲೆಕ್ಕ ಇದೆ. ನಳಿಗೆಯ ಒಳಗಿನ ಗೀರು ಗುಂಡಿನ ಮೇಲೆ ಮೂಡುತ್ತದೆ. ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿದರೆ ಯಾವ ಪಿಸ್ತೂಲು ಅಂತ ಹೇಳಬಹುದು.

ಇದೆಲ್ಲಕ್ಕಿಂತ ಅಪಾಯ ಠಾಣೆಯ ರೈಟರ್. ಯಾರು ಎಷ್ಟು ಹೊತ್ತಿಗೆ ಹೊರಗೆ ಹೋದರು, ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ ಬಂದರು, ಎಲ್ಲ ಸ್ಟೇಷನ್ ಡೈರಿಯಲ್ಲಿ ಇರಬೇಕು. "ಸಾರ್, ರಾತ್ರಿ ಹನ್ನೊಂದರಿಂದ ಮೂರು ಗಂಟೆ ತನಕ ಎಲ್ಲಿದ್ರಿ ಅಂತ ಬರ್ಕೊಳ್ಲಿ?" ಅಂತ ಒಬ್ಬ ಹೆಡ್ ಕಾನ್‌ಸ್ಟೇಬಲ್ ತಲೆ ಎತ್ತದೆ ಕೇಳುವ ಒಂದು ಚೌಕಟ್ಟು ಇದ್ದರೆ, ಹತ್ತು ಹೊಡೆದಾಟಕ್ಕಿಂತ ಜಾಸ್ತಿ ಎದೆ ಹೊಡೆದುಕೊಳ್ಳುತ್ತದೆ. ಸುಳ್ಳು ಬರೆಸಿದರೆ ರೈಟರೂ ಸಿಕ್ಕಿಬೀಳುತ್ತಾನೆ. ಮುಸುಕಿನ ಗುಟ್ಟು ಒಬ್ಬನ ತಲೆಯಲ್ಲಿ ನಿಲ್ಲುವುದೇ ಇಲ್ಲ.

ಎರಡು ಚೌಕಟ್ಟಿನ ನಡುವಿನ ಬಿಳಿ ಜಾಗ

ಕಾಮಿಕ್ಸ್‌ನಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸಣ್ಣ ಬಿಳಿ ಪಟ್ಟಿ ಇರುತ್ತದೆ. ಮೊದಲ ಚಿತ್ರದಲ್ಲಿ ಬಂಧನ. ಎರಡನೆಯದರಲ್ಲಿ "ಆರೋಪಿ ಖುಲಾಸೆ" ಅನ್ನುವ ಪತ್ರಿಕೆಯ ತಲೆಬರಹ. ನಡುವಿನ ಪಟ್ಟಿಯಲ್ಲಿ ವರ್ಷಗಳು ಹೋಗಿವೆ. ಓದುಗರಿಗೆ ಅದು ಒಂದು ಕ್ಷಣ. ಹಾಗಾಗಿ ಕೋರ್ಟ್ ಮೋಸ ಮಾಡಿತು ಅಂತಲೇ ಅನ್ನಿಸುತ್ತದೆ.

ನಿಜವಾಗಿ ಕೇಸು ಸಾಯುವುದು ಆ ಪಟ್ಟಿಯೊಳಗೆ. ಪೊಲೀಸರು 60 ದಿನದಲ್ಲಿ, ಗಂಭೀರ ಅಪರಾಧವಾದರೆ 90 ದಿನದಲ್ಲಿ, ಚಾರ್ಜ್‌ಶೀಟ್ ಹಾಕದಿದ್ದರೆ ಜೈಲಿನಲ್ಲಿರುವ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಪತ್ರಿಕೆಯಲ್ಲಿ "ಕೋರ್ಟ್ ಬಿಟ್ಟಿತು" ಅಂತ ಬರುತ್ತದೆ. ತಡ ಮಾಡಿದ್ದು ತನಿಖೆ. ಮಹಜರಿಗೆ ಸಹಿ ಹಾಕಿದ ಪಂಚರು ವರ್ಷಗಳ ಮೇಲೆ ಕಟಕಟೆಯಲ್ಲಿ ನಿಂತು "ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು" ಅನ್ನುತ್ತಾರೆ. ಸಾಕ್ಷಿ ಉಲ್ಟಾ ಹೊಡೆಯುತ್ತಾನೆ. ಯಾಕೆಂದರೆ ಅವನು ಅದೇ ಬೀದಿಯಲ್ಲಿ ಬದುಕಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣೆಯ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟು, ಅದು ಇಡೀ ದೇಶಕ್ಕೆ ಅನ್ವಯ ಅಂದಿತು. ಅಷ್ಟು ವರ್ಷ ಅಂಥದ್ದೊಂದು ಇರಲೇ ಇಲ್ಲ. ದೇಶದ ಕೋರ್ಟುಗಳಲ್ಲಿ ಬಾಕಿ ಇರುವ ಕೇಸು 5 ಕೋಟಿ ದಾಟಿದೆ.

ಪಿಎಸ್‌ಐ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಇದೆ, ವರ್ಗಾವಣೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಠಾಣಾಧಿಕಾರಿಗೆ, ಎಸ್‌ಪಿಗೆ ಕನಿಷ್ಠ 2 ವರ್ಷ ಒಂದೇ ಜಾಗದಲ್ಲಿ ಅವಕಾಶ ಕೊಡಿ ಅಂದಿತ್ತು. ತನಿಖೆಯನ್ನೂ ಬಂದೋಬಸ್ತನ್ನೂ ಬೇರೆ ಬೇರೆ ಮಾಡಿ ಅಂತಲೂ ಹೇಳಿತ್ತು. ದಸರಾ ಬಂದೋಬಸ್ತು, ವಿಐಪಿ ಭೇಟಿ, ಜಾತ್ರೆ, ಚುನಾವಣೆ, ಇವುಗಳ ನಡುವೆ ಕೊಲೆ ಕೇಸಿನ ಕೇಸ್ ಡೈರಿ ಬರೆಯುವವನ ಪಾಡು ಯೋಚಿಸಿ. ನಮ್ಮ ನಾಯಕನ ಸಿಟ್ಟಿಗೆ ನಾನು ಕೊಡುವ ಕಾರಣ ಇದು. ಚಾರ್ಜ್‌ಶೀಟ್ ಮುಗಿಯುವ ಹೊತ್ತಿಗೆ ಎತ್ತಂಗಡಿ. ಇಲ್ಲಿನ ಕೋರ್ಟಿಗೂ ವಕೀಲರಿಗೂ ಬೈಯುವ ಕಥೆಗಿಂತ ಇದು ಹೆಚ್ಚು ನಂಬುವಂಥದ್ದು, ಅಲ್ವಾ?

ಮುಸುಕಿನಿಂದ ಯಾವ ಬಗೆಯ ಅಪರಾಧ ಬಯಲಾಗುತ್ತದೆ ಅನ್ನುವುದನ್ನೂ ಕೇಳಿಕೊಳ್ಳಬೇಕು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗರ್ಭಿಣಿಯರನ್ನು ಕರೆತಂದು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ದಂಧೆ ಹೊರಬಂತು. ಬೆಲ್ಲದ ವಾಸನೆ ಇರುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ! ಯಾವ ಕಾಮಿಕ್ಸ್ ಬರಹಗಾರನಿಗೂ ಹೊಳೆಯದ ಜಾಗ. ಅದನ್ನು ಬಯಲಿಗೆಳೆದದ್ದು ಬೆಂಗಳೂರಿನ ಪೊಲೀಸರು. ಆಮೇಲೆ ಕೇಸು ಸಿಐಡಿಗೆ ಹೋಯಿತು. ಅಲ್ಲಿ ಬೇಕಾಗಿದ್ದದ್ದು ದಲ್ಲಾಳಿಗಳ ಸರಪಳಿ, ಯಂತ್ರ ಎಲ್ಲಿಂದ ಬಂತು, ಆಸ್ಪತ್ರೆಯ ದಾಖಲೆ, ಫೋನ್ ಕರೆಗಳು. ಒಬ್ಬ ದಲ್ಲಾಳಿಯ ಹಲ್ಲು ಮುರಿದರೆ ಆ ಸರಪಳಿಯ ಒಂದು ಕೊಂಡಿ ಕಾಣೆಯಾಗುತ್ತದೆ ಅಷ್ಟೇ. ಉಳಿದವರು ಊರು ಬಿಡುತ್ತಾರೆ.

ಕೊಂದ ಮೇಲೆ

ಮುಸುಕಿನವನು ಯಾರನ್ನಾದರೂ ಹಿಡಿದು ಠಾಣೆ ಬಾಗಿಲಿಗೆ ಕಟ್ಟಿಹಾಕಿ ಹೋದರೆ ಅದಕ್ಕೊಂದು ಕಾನೂನಿನ ನೆಲೆ ಹುಡುಕಬಹುದು. ಕಣ್ಣೆದುರೇ ಜಾಮೀನು ಹಕ್ಕಾಗಿ ಸಿಗದ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕನೂ ಹಿಡಿಯಬಹುದು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಆದರೆ ನಮ್ಮವನು ರಾತ್ರಿ ಸಾಮಾನ್ಯ ನಾಗರಿಕನೇ? 1861ರ ಪೊಲೀಸ್ ಕಾಯ್ದೆಯ ಕಾಲದಿಂದಲೂ ಪೊಲೀಸ್ ಅಧಿಕಾರಿ ಸದಾ ಕರ್ತವ್ಯದಲ್ಲಿ ಇರುವವನು ಅಂತಲೇ ಲೆಕ್ಕ. ಮುಸುಕು ಹಾಕಿದರೂ ಅವನಿಗೆ ರಜೆ ಇಲ್ಲ.

ಕೊಂದುಬಿಟ್ಟರೆ ಕಥೆಯೇ ಬೇರೆ. ಪೊಲೀಸ್ ಗುಂಡಿಗೆ ಒಬ್ಬ ಸತ್ತರೆ ಏನು ಮಾಡಬೇಕು ಅಂತ 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 16 ಸೂಚನೆ ಕೊಟ್ಟಿದೆ. ಎಫ್‌ಐಆರ್ ಆಗಬೇಕು. ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಘಟನೆಯ ಬೆನ್ನಿಗೇ ಶೌರ್ಯ ಪದಕ, ಬಡ್ತಿ ಕೊಡಬಾರದು. ಇಷ್ಟೆಲ್ಲ ಇದ್ದೂ ಜನ ಎನ್‌ಕೌಂಟರ್‌ಗೆ ಚಪ್ಪಾಳೆ ಹೊಡೆಯುತ್ತಾರೆ ಅನ್ನುವುದು ಸುಳ್ಳಲ್ಲ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ, ಕೊಲೆ ಆರೋಪದ ನಾಲ್ವರು ಪೊಲೀಸ್ ಗುಂಡಿಗೆ ಸತ್ತಾಗ ಪೊಲೀಸರ ಮೇಲೆ ಹೂ ಎರಚಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಹೇಳಿದ್ದು, ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ ಅಂತ. ಹೂವಿನ ಸುದ್ದಿ ನೆನಪಿರುವಷ್ಟು ಜನರಿಗೆ ವರದಿ ನೆನಪಿಲ್ಲ.

ಖಾಕಿಯಲ್ಲಿದ್ದು ಅಧಿಕಾರ ಮೀರಿದ ಅಧಿಕಾರಿಗೆ ಕಾನೂನಿನಲ್ಲಿ ಎರಡು ಆಸರೆ ಇವೆ. ಒಂದು, ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಕೇಸು ನಡೆಸಲು ಸರ್ಕಾರದ ಅನುಮತಿ ಬೇಕು. ಅದು ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 197. ಇನ್ನೊಂದು, ದ್ವೇಷ ಇಲ್ಲದೆ, ಕರ್ತವ್ಯಕ್ಕೆ ಅಗತ್ಯ ಅಂತ ಪ್ರಾಮಾಣಿಕವಾಗಿ ನಂಬಿ, ಅಧಿಕಾರ ಮೀರಿ ಸಾವಿಗೆ ಕಾರಣನಾದರೆ ಅದು ಕೊಲೆಯ ಬದಲು ಅದಕ್ಕಿಂತ ಕಡಿಮೆ ಅಪರಾಧ ಆಗಬಹುದು. ಎರಡಕ್ಕೂ ಮೊದಲ ಮೆಟ್ಟಿಲು ಒಂದೇ, "ನಾನು ಪೊಲೀಸ್ ಆಗಿ ಇದನ್ನು ಮಾಡಿದೆ" ಅಂತ ಹೇಳಬೇಕು. ಮುಸುಕು ಹಾಕಿಕೊಂಡು ಹೋದವನು ಆ ಮಾತನ್ನು ಯಾವ ಬಾಯಲ್ಲಿ ಹೇಳುತ್ತಾನೆ? ಪೊಲೀಸ್ ಅಂತ ಗೊತ್ತಾಗಬಾರದು ಅಂತಲೇ ಅಲ್ವಾ ಮುಖ ಮುಚ್ಚಿದ್ದು?

ಹಾಗಾಗಿ ಈ ಕಾಮಿಕ್ಸ್‌ಗೆ ಎರಡನೇ ಪಾತ್ರ ಬೇಕೇ ಬೇಕು. ಮೈಸೂರಿನ ಕೇಸು ಅದೇ ಠಾಣೆಯವರು ತನಿಖೆ ಮಾಡುವ ಹಾಗಿಲ್ಲವಾದ್ದರಿಂದ ಹೊರಗಿನಿಂದ ಒಬ್ಬ ಸಿಐಡಿ ಅಧಿಕಾರಿಣಿ ಬರಲಿ. ಅವರಿಗೆ ಮುಸುಕು ಬೇಡ, ಬೆನ್ನಟ್ಟುವ ದೃಶ್ಯವೂ ಬೇಡ. ಮೊದಲ ದಿನ ಸ್ಟೇಷನ್ ಡೈರಿ ತರಿಸಿಕೊಳ್ಳಲಿ. ಎರಡನೇ ದಿನ ಪಿಸ್ತೂಲಿನ ರಿಜಿಸ್ಟರ್, ಸಿಸಿಟಿವಿ ದಾಖಲೆ. ಮೂರನೇ ದಿನ ರೈಟರನ್ನು ಕರೆದು ಕೂರಿಸಿ, ಮೇಜಿನ ಮೇಲೆ ತಮ್ಮ ಹೆಸರಿನ ನೋಟಿಸ್ ಇಟ್ಟು, ಆ ನಾಲ್ಕು ಗಂಟೆಯ ಬಗ್ಗೆ ಕೇಳಲಿ.